ದೊಡ್ಡವ್ವ ಉಣ್ಣದ ಎರಡು ದಿನ

ಕುರುಗೋಡಿನ ಹತ್ತಿರದ ಹಳ್ಳಿಯಲ್ಲಿ ನಮ್ಮ ದೊಡ್ಡವ್ವನ ಮನೆ. ಅವಳು ನನ್ನ ಅವ್ವನ ಅಕ್ಕ. ಬೇಸಿಗೆ ರಜೆ ಬಂದರೆ ಬಳ್ಳಾರಿಯಿಂದ ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದರು. ಆ ಮನೆಯ ದೊಡ್ಡವರು ಯಾರೂ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಒಂದು ತುತ್ತೂ ಮುಟ್ಟುತ್ತಿರಲಿಲ್ಲ. ಬಳ್ಳಾರಿಯ ನಮ್ಮ ಮನೆಯಲ್ಲಿ ಅಷ್ಟೆಲ್ಲ ಇರಲಿಲ್ಲ. ದಾರ ಚುಚ್ಚುತ್ತದೆಂದು ನಾನು ಸ್ನಾನಕ್ಕೆ ಮುಂಚೆ ಲಿಂಗ ತೆಗೆದಿಟ್ಟರೆ ಅವ್ವ ಒಂದಿಷ್ಟು ಗದರಿ ಸುಮ್ಮನಾಗುತ್ತಿದ್ದಳು.

ಆಗ ನನಗೆ ಒಂಬತ್ತು ವರ್ಷ. ಹೋದ ಮರುದಿನ ಬೆಳಿಗ್ಗೆ ದೊಡ್ಡವ್ವ ತಲೆಗೆ ಎಣ್ಣೆ ಹಚ್ಚಲು ಕೂರಿಸಿಕೊಂಡಳು. ನನ್ನ ಬರಿಗೊರಳು ಕಂಡು ಅವಳ ಕೈ ನಿಂತುಬಿಟ್ಟಿತು.

"ಲಿಂಗ ಎಲ್ಲೈತವ್ವಾ?"

ಗೊತ್ತಿಲ್ಲ ಅನ್ನಬಹುದಿತ್ತು. "ನಿನ್ನೆ ಕಾಲುವ್ಯಾಗ ಆಡುವಾಗ ಬಿದ್ದಿರಬೇಕು" ಎಂದುಬಿಟ್ಟೆ.

ದೊಡ್ಡಪ್ಪ ಧೋತರ ಎತ್ತಿ ಕಟ್ಟಿ ಕಾಲುವೆಗಿಳಿದ. ಆಳುಗಳು ಬುಟ್ಟಿಗಟ್ಟಲೆ ಕೆಸರು ತಂದು ದಂಡೆಯ ಮೇಲೆ ಕೆದಕಿದರು. ದೊಡ್ಡವ್ವ ನನಗೆ ಮೊಸರನ್ನ ಕಲಸಿಕೊಟ್ಟು, ತಾನು ನೀರಷ್ಟೇ ಕುಡಿದಳು.

"ಅದಿನ್ನೂ ಕೂಸು, ಉಣ್ಣಲಿ. ಲಿಂಗ ಸಿಗೋತನಕ ಅದರ ಬದಲಿ ನಾ ಉಪಾಸ ಇರ್ತೀನಿ."

ಮಠದ ಅಯ್ಯನವರಿಂದ ಬೇರೆ ಲಿಂಗ ಕಟ್ಟಿಸೋಣವೆಂದು ದೊಡ್ಡಪ್ಪ ಹೇಳಿದರೂ, ಹುಟ್ಟಿದಾಗ ಕಟ್ಟಿದ್ದೇ ಸಿಗಬೇಕೆಂದು ಅವಳು ಒಪ್ಪಲಿಲ್ಲ.

ಎರಡನೆಯ ದಿನ ಸ್ನಾನಕ್ಕೆ ಹೋದ ನನಗೆ ಬಚ್ಚಲ ಗೋಡೆಯ ಗೂಟ ಕಂಡಿತು. ಒಮ್ಮೆಗೇ ನೆನಪಾಯಿತು. ಹೊರಡುವ ದಿನ ಬಳ್ಳಾರಿಯ ಮನೆಯ ಬಚ್ಚಲಲ್ಲಿ ಲಿಂಗವನ್ನು ಗೂಟಕ್ಕೆ ಹಾಕಿ, ಅಲ್ಲೇ ಬಿಟ್ಟು ಬಂದಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಹೇಳಬೇಕೆಂದೇ ಅಡುಗೆಮನೆಗೆ ಓಡಿದೆ. ಒಳಗೆ ಪಕ್ಕದ ಮನೆಯಾಕೆ ಅನ್ನುತ್ತಿದ್ದಳು:

"ಪ್ಯಾಟಿ ಹುಡುಗಿ, ತಾಯಿ ಕಲಿಸಿದ್ರ ತಾನೆ?"

"ನನ್ನ ತಂಗೀನ ಅನ್ನಬ್ಯಾಡ. ನಮ್ಮ ಹುಡುಗಿ ಒಂದಿನಾನೂ ಕೊಳ್ಳಾಗಿಂದ ತಗದಾಕಿ ಅಲ್ಲ," ಎಂದಳು ದೊಡ್ಡವ್ವ.

ನಾನು ಹೊಸ್ತಿಲಿಂದಲೇ ಹಿಂದೆ ಸರಿದೆ. ಹೇಳಿದರೆ ಅವ್ವನ ಮಾನ ಹೋಗುತ್ತದೆ, ದೊಡ್ಡವ್ವನ ಮಾತು ಸುಳ್ಳಾಗುತ್ತದೆ. ಹೇಳದಿದ್ದರೆ ಅವಳು ಉಣ್ಣುವುದಿಲ್ಲ. ಕಾಲುವೆಯಲ್ಲಿ ಯಾರದ್ದೋ ಒಂದು ಲಿಂಗ ಸಿಕ್ಕಿಬಿಡಲಿ ಶಿವನೇ ಎಂದು ಬೇಡಿಕೊಂಡೆ. ಅವಳು ಗೋಡೆ ಹಿಡಿದು ಏಳುತ್ತಿದ್ದಳು, ಬೆವರುತ್ತಿದ್ದಳು, ಆದರೂ ನಮಗಾಗಿ ರೊಟ್ಟಿ ಬಡಿಯುತ್ತಿದ್ದಳು. ನಾನು ಕಂಬಕ್ಕೆ ಒರಗಿ ನೋಡುತ್ತಾ ನಿಂತೆ. ಎಂಥ ಹೇಡಿ ನಾನು!

ಮಧ್ಯಾಹ್ನ ಅವಳು ಒಲೆಯ ಪಕ್ಕದಲ್ಲೇ ಕುಸಿದು ಬಿದ್ದಳು.

"ನಮ್ಮ ಮನ್ಯಾಗೈತಿ! ಬಚ್ಚಲದಾಗ, ಗೂಟಕ್ಕ ಹಾಕೀನಿ!" ಎಂದು ಚೀರಿಕೊಂಡೆ.

ದೊಡ್ಡಪ್ಪ ಅಂಗಡಿಯ ಫೋನಿಗೆ ಓಡಿದ. ಸಂಜೆಯ ಬಸ್ಸಿಗೆ ಅಪ್ಪ ಲಿಂಗ ತಂದ. ಹಾಸಿಗೆಯಲ್ಲಿದ್ದ ದೊಡ್ಡವ್ವ ಎದ್ದು ಕೂತು ಅದನ್ನು ನನ್ನ ಕೊರಳಿಗೆ ಕಟ್ಟಿದಳು.

"ಯಾವಾಗ ನೆನಪಾತವ್ವಾ?"

"ನೀ ಬಿದ್ದಾಗ," ಎಂದೆ.

ಅವಳು ಅಪ್ಪನ ಕಡೆ ತಿರುಗಿದಳು. "ನೋಡ್ರಿ, ನೆನಪಾದ ಕೂಡ್ಲೇ ಹೇಳೈತಿ ಕೂಸು. ಬೈಬ್ಯಾಡ್ರಿ."

ಆಮೇಲೆ ರೊಟ್ಟಿ ಮುರಿದು, ಎರಡು ದಿನದ ಹಸಿವಿನಲ್ಲೂ, ಮೊದಲ ತುತ್ತು ನನ್ನ ಬಾಯಿಗಿಟ್ಟಳು. ನಾನು ನುಂಗಿದೆ. ಅವಳು ತೀರಿಹೋದ ದಿನದವರೆಗೂ ನಾನು ನಿಜ ಹೇಳಲಿಲ್ಲ.