ಹಿಮ್ಮಡಿ ಉಜ್ಜುವ ಕಲ್ಲು

ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಕಲ್ಲು ಪರೀಕ್ಷೆ ಮಾಡುವ ಹೆಂಗಸನ್ನು ಎಲ್ಲರೂ ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ನೆಕ್ಕಮ್ಮ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಜನ ಹೊಲದಲ್ಲೋ ಹಳ್ಳದಲ್ಲೋ ಸಿಕ್ಕಿದ್ದನ್ನು ಟವೆಲಿನಲ್ಲಿ ಸುತ್ತಿ ತಂದು, ಯಾವುದೋ ಕಾಲದ ದೈತ್ಯಪ್ರಾಣಿಯ ಮೂಳೆ ಎಂದು ಮೇಜಿನ ಮೇಲೆ ಇಡುವರು. ಅವಳು ಮೊದಲು ಮುರಿದ ಅಂಚನ್ನು ಭೂತಗನ್ನಡಿ ಹಿಡಿದು ನೋಡುವಳು. ಒಳಗೆ ಬ್ರೆಡ್ಡಿನ ಹಾಗೆ ಸಣ್ಣ ಸಣ್ಣ ತೂತುಗಳಿದ್ದರೆ ಮೂಳೆ, ಒಂದೇ ಸಮ ಗಟ್ಟಿಯಾಗಿದ್ದರೆ ಕಲ್ಲು. ಆಮೇಲೆ ಯಾವ ನಾಚಿಕೆಯೂ ಇಲ್ಲದೆ ನಾಲಿಗೆಯ ತುದಿ ತಾಗಿಸುವಳು. ಮೂಳೆಯಾದರೆ ತೂತುಗಳು ಎಂಜಲು ಹೀರಿಕೊಂಡು ನಾಲಿಗೆಗೆ ಅಂಟುತ್ತವೆ, ಕಲ್ಲು ಅಂಟುವುದಿಲ್ಲ. ಬಂದವರಲ್ಲಿ ಹೆಚ್ಚಿನವರು ಮುಖ ಸಣ್ಣ ಮಾಡಿಕೊಂಡು ಹೊರಡುವರು, ಕೆಲವರು ಜಗಳಕ್ಕೇ ನಿಲ್ಲುವರು.

"ಕಲ್ಲು ಅಂದ್ರೆ ಕಲ್ಲು. ನಾನೇನು ಮಾಡ್ಲಿ, ನಾನು ಹೆತ್ತಿದ್ದಾ ಅದನ್ನ?" ಎಂದು ಅವಳೂ ಬಿಡುತ್ತಿರಲಿಲ್ಲ.

ಅವಳ ಅಕ್ಕ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಹೊರಗಿನ ಬೆಂಚಿನಲ್ಲಿ, ಕಾದಿದ್ದವರ ಜೊತೆ, ಭಾವ ಕೂತಿದ್ದ. ಬಸ್ಸು ಓಡಿಸಿ ನಿವೃತ್ತನಾದ, ಮಾತು ಕಡಿಮೆಯ ಆಸಾಮಿ.

"ಇದೇನು ಭಾವ, ಒಳಗೆ ಬರೋದಲ್ವಾ? ನೀವೇನು ಹೊರಗಿನವರಾ?"

"ಇರ್ಲಿ ಬಿಡಮ್ಮ. ಅವರೆಲ್ಲ ನನಗಿಂತ ಮೊದ್ಲು ಬಂದೋರು."

ಸರದಿ ಬಂದಾಗ ಒಳಗೆ ಬಂದು ಕಾಗದದ ಪೊಟ್ಟಣ ಬಿಚ್ಚಿದ. ಅಂಗೈ ಅಗಲದ ಬೂದು ಕಲ್ಲು, ಒಂದು ಮಗ್ಗುಲು ಸವೆದು ನುಣ್ಣಗಾಗಿತ್ತು. ನೋಡುತ್ತಲೇ ಅವಳಿಗೆ ಗುರುತು ಸಿಕ್ಕಿತು. ಮನೆ ಕಟ್ಟಿಸುವಾಗ ಮರಳಿನ ರಾಶಿಯಲ್ಲಿ ಅಕ್ಕನಿಗೆ ಸಿಕ್ಕಿದ ಕಲ್ಲದು. ಅಂದಿನಿಂದಲೂ ಅಕ್ಕ ಬಚ್ಚಲಲ್ಲಿ ಕೂತು, ಮನೆಮಂದಿಯನ್ನೆಲ್ಲ ಅಲ್ಲಿಂದಲೇ ತರಾಟೆಗೆ ತೆಗೆದುಕೊಳ್ಳುತ್ತ, ಬಿರಿದ ಹಿಮ್ಮಡಿಗಳನ್ನು ಅದರಲ್ಲೇ ಉಜ್ಜಿಕೊಳ್ಳುತ್ತಿದ್ದಳು.

"ಮಗಳು ತಲೆ ತಿಂತಿದ್ದಾಳೆ. ತೂತು ಕಾಣ್ತಿದೆ, ಚಿಕ್ಕಮ್ಮನಿಗೆ ತೋರಿಸಿ ಅಂತ. ಮೂಳೆ ಆದ್ರೆ ನೀವು ವಾಪಸ್ ಕೊಡಲ್ವಂತೆ?"

"ಇಲ್ಲ ಭಾವ. ಕಾನೂನು ಹಾಗಿದೆ."

"ಹಾಗಾದ್ರೆ ಇದು ಕಲ್ಲೇ ಆಗಿರ್ಲಪ್ಪ, ನೋಡು."

ಕಲ್ಲಾಗಲಿ ಎಂದು ಬೇಡಿಕೊಂಡು ಆ ಕೋಣೆಗೆ ಬಂದವನು ಅವನೊಬ್ಬನೇ. ಭೂತಗನ್ನಡಿಯಲ್ಲಿ ಒಂದು ಸಲ ನೋಡಿದ್ದೇ ಅವಳಿಗೆ ಸಾಕಾಯಿತು. ಆದರೂ ರೂಢಿ ಬಿಡಬೇಕಲ್ಲ! ನಾಲಿಗೆ ಚಾಚಿದಳು.

"ಅಯ್ಯೋ, ಬೇಡ! ಕಾಲು ಉಜ್ಜಿದ್ದಮ್ಮ ಅದು!"

"ನಮ್ಮಕ್ಕನ ಕಾಲು ತಾನೇ?" ಎಂದು ತಾಗಿಸಿಯೇ ಬಿಟ್ಟಳು. ಅಂಟಲಿಲ್ಲ. ನಾಲಿಗೆಗೆ ಸಣ್ಣಗೆ ಕಹಿಯಾಯಿತು.

ಭಾವನ ಮುಖ ಅರಳಿತು. ನನ್ನ ನಾಲಿಗೆ ಹೇಳಿದ್ದೇ ಕೊನೆ ಎಂದು ಅವನ ಮನೆಯ ಊಟದ ಮೇಜಿನಲ್ಲಿ ಅವಳು ಎಷ್ಟು ಸಲ ಜಂಬ ಕೊಚ್ಚಿಕೊಂಡಿದ್ದಳೋ! "ಅಂಟಲಿಲ್ಲ! ಅಲ್ವಾ? ಕಲ್ಲು!" ಎಂದವನೇ ಕಾಗದ ಸುತ್ತತೊಡಗಿದ.

ಬಾಯಿ ಮುಚ್ಚಿಕೊಂಡಿದ್ದರೆ ಆಗಿಹೋಗುತ್ತಿತ್ತು. ಕೋಣೆಯಲ್ಲಿ ಬೇರೆ ನರಪಿಳ್ಳೆಯೂ ಇರಲಿಲ್ಲ. ಅವಳಿಗೂ ಹಾಗೇ ಇದ್ದುಬಿಡುವ ಆಸೆಯಾಯಿತು. ಆದರೆ ಅಷ್ಟು ಜನರಿಗೆ ದಾಕ್ಷಿಣ್ಯವಿಲ್ಲದೆ ಕಲ್ಲು ಎಂದವಳಿಗೆ ಭಾವನಿಗೊಂದು ಬೇರೆ ನ್ಯಾಯ ಮಾಡಲು ಮನಸ್ಸು ಒಪ್ಪಲಿಲ್ಲ.

"ಭಾವ, ಅದು ಮೂಳೆ."

"ಅಂಟಲಿಲ್ವಲ್ಲ!"

"ತೂತುಗಳಲ್ಲೆಲ್ಲ ಸೋಪು ಕೂತಿದೆ. ಬಿಸಿನೀರಲ್ಲಿ ತೊಳೆದು ಒಣಗಿಸಿದ್ರೆ ಅಂಟುತ್ತೆ. ಒಳಗಿಡೋ ಮುಂಚೆ ಎಲ್ಲಾನೂ ತೊಳೀತೀವಿ."

ಭಾವನ ಕೈ ನಿಂತಿತು. "ಸೋಪು... ಅವಳದ್ದಾ?"

"ಇನ್ಯಾರದ್ದು ಭಾವ?"

ಅವನು ಕಲ್ಲನ್ನು ಮೂಗಿನ ಹತ್ತಿರ ಹಿಡಿದ. ಆಮೇಲೆ ಮೇಜಿನ ಮೇಲಿಟ್ಟು ಅವಳ ಕಡೆಗೆ ಸರಿಸಿದ.

"ಇಟ್ಕೋ. ಕಾನೂನು ಅಂದ್ಮೇಲೆ ಏನು ಮಾಡೋಕಾಗುತ್ತೆ. ತೊಳೀಬೇಡಮ್ಮ, ಅಷ್ಟೇ."

ಚಹಾ ತರಿಸುತ್ತೇನೆಂದರೂ ನಿಲ್ಲದೆ ಹೊರಟುಹೋದ. ಅವಳು ಕದ ಹಾಕಿಕೊಂಡು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಎದ್ದು, ಮೂಳೆ ತೊಳೆಯಲೆಂದು ಮೂಲೆಯ ಒಲೆಯ ಮೇಲೆ ಕಾಯುತ್ತಿದ್ದ ನೀರನ್ನು ಇಳಿಸಿ, ಅಕ್ಕನ ಕಲ್ಲನ್ನು ಸೋಪಿನ ಸಮೇತ ಹಾಗೆಯೇ ಮೂಳೆಗಳ ಕಪಾಟಿನಲ್ಲಿಟ್ಟಳು.