ಮೊದಲು ದೊಡ್ಡ ಲೋಟ

ವತ್ಸಲಾ ಮೇಡಂ ಲೋಟ ಹಿಡಿದುಕೊಂಡು ಕೋಡ್ ಓದುತ್ತಿದ್ದರು. ಜೆ.ಪಿ. ನಗರದ ನಮ್ಮ ಆಫೀಸಿನಲ್ಲಿ ಕೋಡ್ ಪರಿಶೀಲಿಸುವ ರಿವ್ಯೂ ಮೇಜಿನ ಮೇಲೆ ದೊಡ್ಡದೊಂದು, ಚಿಕ್ಕದೊಂದು ಸ್ಟೀಲ್ ಲೋಟ. ಆಸ್ಪತ್ರೆಯ ಹಾಸಿಗೆ ಪಕ್ಕ ಎದೆಬಡಿತ ತೋರಿಸುವ ಮಾನಿಟರಿಗೆ ನಾವು ಕರ್ನಲ್ ಕೋಡ್, ಅಂದರೆ ಯಂತ್ರವನ್ನು ಒಳಗಿಂದ ನಡೆಸುವ ಕೋಡ್, ಬರೆಯುತ್ತಿದ್ದೆವು. ಒಂದೇ ಮಾಹಿತಿಗೆ ಕೋಡಿನ ಎರಡು ಭಾಗಗಳು ಒಟ್ಟಿಗೆ ಕೈಹಾಕದಂತೆ ಅದರೊಳಗೆ ಲಾಕ್‌ಗಳಿರುತ್ತವೆ; ಒಂದೊಂದು ಲಾಕ್‌ಗೆ ಒಂದೊಂದು ಲೋಟ. ಕೋಡ್ ಲಾಕ್ ಹಿಡಿದ ಸಾಲಿಗೆ ಬಂದಾಗ ನಾವು ಲೋಟ ಎತ್ತಬೇಕು, ಬಿಟ್ಟ ಸಾಲಿನಲ್ಲಿ ಕೆಳಗಿಡಬೇಕು. ಓದಿ ಮುಗಿದರೂ ಲೋಟ ಕೈಯಲ್ಲೇ ಉಳಿದರೆ, "ಏನ್ ಸಾರ್, ಮನೆಗೆ ತಗೊಂಡ್ ಹೋಗ್ತೀರಾ?" ಎನ್ನುತ್ತಿದ್ದರು.

ಎಂ.ಟೆಕ್. ಮುಗಿಸಿ ಬಂದಿದ್ದ ನನಗೆ ಇದು ಮಕ್ಕಳಾಟ ಎನಿಸುತ್ತಿತ್ತು. "ನಂಗೆ ನೆನಪಿರುತ್ತೆ ಮೇಡಂ" ಎಂದಿದ್ದೆ.

"ನೆನಪು ನಂಬ್ಕೊಂಡು ಲಾಕ್ ಹಿಡೀಬೇಡ ಕಣೋ."

ಪರೀಕ್ಷೆಯಲ್ಲಿ ಒಮ್ಮೆ ಮಾನಿಟರ್ ಹಾಗೇ ನಿಂತುಬಿಟ್ಟಿತ್ತು. ಅದನ್ನು ಆಸ್ಪತ್ರೆಗೆ ಕಳಿಸುವ ದಿನ ಮ್ಯಾನೇಜರ್ ಹರೀಶ್, "ಒಂದೇ ಸಲ ಆಗಿದ್ದು. ಮತ್ತೆ ಬರ್ಲೇ ಇಲ್ವಲ್ಲ ಮೇಡಂ" ಎಂದರು. ಮೇಡಂ ಕೋಡಿನಿಂದ ಹರೀಶ್‌ಗೊಂದು ಫಂಕ್ಷನ್, ನನಗೊಂದು ಫಂಕ್ಷನ್ ಓದಲು ಕೊಟ್ಟರು. ಅವರ ಕೋಡ್ ಮೊದಲು ದೊಡ್ಡ ಲೋಟ ಕೇಳಿತು, ನನ್ನದು ಚಿಕ್ಕದು. ಮುಂದಿನ ಸಾಲಿಗೆ ಅವರಿಗೆ ನನ್ನ ಲೋಟ ಬೇಕು, ನನಗೆ ಅವರದು. ಇಬ್ಬರೂ ಕೈಚಾಚಿ ಕೂತೆವು.

"ತಗೊಳಪ್ಪಾ" ಎಂದು ಹರೀಶ್ ನಕ್ಕು ಲೋಟ ಕೊಡಲು ಬಂದರು.

"ನೀವು ದಾಕ್ಷಿಣ್ಯಕ್ಕೆ ಕೊಡ್ತೀರಿ. ಕೋಡ್‌ಗೆ ದಾಕ್ಷಿಣ್ಯ ಇಲ್ಲ" ಎಂದರು ಮೇಡಂ. "ಇಬ್ರೂ ಹಿಂಗೇ ಕಾಯ್ತಾ ಇರ್ತಾರೆ. ಪರದೆ ಮೇಲೆ ಹಳೇ ಎದೆಬಡಿತ ನಿಂತಿರುತ್ತೆ, ನರ್ಸ್ ಅದನ್ನೇ ನಂಬ್ತಾಳೆ. ಎಲ್ಲಾ ಕಡೆ ಮೊದಲು ದೊಡ್ಡದು, ಆಮೇಲೆ ಚಿಕ್ಕದು ಅಂತ ತಿದ್ದಬೇಕು. ಒಂದು ವಾರ ಕೊಡಿ."

"ವಾರ ಎಲ್ಲಿಂದ ತರ್ಲಿ? ನೀವು ಒಪ್ಪದಿದ್ರೆ ಬೇರೆಯವರು ಒಪ್ತಾರೆ."

"ಒಪ್ಕೊಳ್ಲಿ. ನನ್ನ ಹೆಸರು ಹಾಕಲ್ಲ. ಕೆಲಸ ಹೋದ್ರೆ ಹೋಗ್ಲಿ, ಮನೆಗೆ ಹೋಗೋಕೆ ಬನಶಂಕರಿ ಬಸ್ಸು ಕೆಳಗೇ ನಿಲ್ಲುತ್ತೆ."

ಹರೀಶ್ ನನ್ನತ್ತ ತಿರುಗಿದರು. "ನಾನೂ ಹಾಕಲ್ಲ ಸಾರ್" ಎಂದು ಗಟ್ಟಿಯಾಗಿ ಹೇಳಿದೆ ಎಂದೇ ನನ್ನ ನೆನಪು. ಅಂದು ಪಕ್ಕದಲ್ಲಿದ್ದ ಸಹೋದ್ಯೋಗಿ ರೇಖಾ, "ನೀನು ಸುಮ್ನೆ ತಲೆ ಅಲ್ಲಾಡಿಸ್ದೆ ಅಷ್ಟೇ" ಎನ್ನುತ್ತಾಳೆ. ಇರಬಹುದು. ಲೋಟವನ್ನಂತೂ ಕೆಳಗಿಡಲಿಲ್ಲ. ಮಾನಿಟರ್ ಅಂದು ಹೊರಡಲಿಲ್ಲ.

ಲಾಕ್‌ಗಳ ಕ್ರಮ ತಿದ್ದಿದ ಮೇಲೆಯೇ ಅದು ಹೋಯಿತು. ಅಷ್ಟರಲ್ಲಿ ಮೇಡಂಗೆ ಇನ್ನು ಬರುವುದು ಬೇಡ ಎಂದು ಹೇಳಿಯಾಗಿತ್ತು. ಚೀಲ ಹೆಗಲಿಗೇರಿಸಿ ಹೊರಟವರು ಬಾಗಿಲಲ್ಲಿ ನಿಂತು, "ಲೋಟ ಆಫೀಸಿಂದಲ್ಲ, ನಂದು. ಇಲ್ಲೇ ಇರ್ಲಿ" ಎಂದರು. ಮತ್ತೆ ಅವರನ್ನು ನೋಡಿಲ್ಲ.

ಈಗಲೂ ರಿವ್ಯೂಗೆ ಎರಡೂ ಲೋಟ ಒಯ್ಯುತ್ತೇನೆ. ತಡವಾಯಿತೆಂದು ಯಾರಾದರೂ ಗೊಣಗಿದರೆ ಚಿಕ್ಕದನ್ನು ಅವರ ಕೈಗಿತ್ತು, ದೊಡ್ಡದನ್ನು ಹಿಡಿದು ಎದುರಿಗೆ ಕೂರುತ್ತೇನೆ. ದಾಕ್ಷಿಣ್ಯಕ್ಕೆ ಬಿಟ್ಟುಕೊಡುವುದಿಲ್ಲ.