ಹಗೇವಿನ ರಾಗಿ, ಇಂಜಿನ್ನಿನ ಕಟ್ಟಳೆ

ನಿನ್ನೆ, ಕಟ್ಟೆಮಳಲವಾಡಿಯ ನಿಂಗಮ್ಮ ಕೊಟ್ಟುಕಳುಹಿಸಿದ ರಾಗಿ ಚೀಲವನ್ನು ಬಿಚ್ಚಿದೊಡನೆ ಹಗೇವಿನ ವಾಸನೆ ಮುಖಕ್ಕೆ ರಾಚಿತು. ಗಾಳಿ ಬೆಳಕು ಸುಳಿಯದಂತೆ ರಾಗಿಯನ್ನು ನೆಲದೊಳಗೆ ಮುಚ್ಚಿಡುವ ಆಳದ ಗುಂಡಿಯೇ ಹಗೇವು. ಆ ವಾಸನೆಗೆ ನಾನು ಬೆಚ್ಚಿ ಹಿಂದೆ ಸರಿದುದನ್ನು ಕಂಡಿದ್ದರೆ, ಮಿತ್ರರೇ, ನೀವು ನಗುತ್ತಿದ್ದಿರಿ.

ಐವತ್ತರ ದಶಕದಲ್ಲಿ ನಾನು ಚರ್ಚಾಸ್ಪರ್ಧೆಯ ಪದಕವನ್ನೂ ಲೋಕೋದ್ಧಾರದ ಹಂಬಲವನ್ನೂ ಹೊತ್ತು ಆ ಊರಿಗೆ ಬಂದಿಳಿದಿದ್ದೆ. ವಯಸ್ಕರ ಶಾಲೆಗೆ ಚಾವಡಿ ಬೇಕಾಗಿತ್ತು. ಮೊದಲು ಹೆಸರು ಕೊಟ್ಟವಳು ನಿಂಗಮ್ಮ. ಸೈನ್ಯದಲ್ಲಿದ್ದ ತಮ್ಮನ ಕಾಗದವನ್ನು ತಾನೇ ಓದಬೇಕೆಂಬ ಆಸೆ ಅವಳಿಗೆ.

ಹುಳದಿಂದ ಮನುಷ್ಯ ವಿಕಾಸವಾದನೆಂದು ನಾನು ಊರಲ್ಲಿ ಹೇಳುತ್ತಿದ್ದುದು ಪಟೇಲರ ಕಿವಿಗೂ ಬಿದ್ದಿತ್ತು. "ಉಳದಿಂದ ಮನ್ಸ ಆದ ಅಂತೀರಲ್ಲ, ವಾದ ಮಾಡಿ ಗೆದ್ರೆ ಚಾವಡಿ ನಿಮ್ದು" ಎಂದರು ಪಟೇಲರು. ಎದುರಾಳಿ, ಹುಣಸೂರಿನ ಅಕ್ಕಿ ಗಿರಣಿಯ ಇಂಜಿನ್ ನೋಡಿಕೊಳ್ಳುತ್ತಿದ್ದ ಶಿವಲಿಂಗಪ್ಪ. ನಾನು ಒಳಗೊಳಗೇ ನಕ್ಕಿದ್ದೆ.

ಅವರು ಎಣ್ಣೆಗೈ ಒರೆಸಿಕೊಂಡು ಎದ್ದರು. "ಬಿಸಿ ತಾನಾಗೇ ಆರ್ತದೆ, ಆರಿದ್ದು ತಾನಾಗೇ ಬಿಸಿಯಾಗಲ್ಲ. ಜೋಡ್ಸಿದ್ದೆಲ್ಲ ಕಳಚ್ಕತದೆ. ಇದು ನಿಮ್ ವಿಜ್ಞಾನದ್ದೇ ಕಟ್ಟಳೆ ಕಣ್ರೀ. ಅಂಗಿದ್ಮೇಲೆ ಉಳ ಮನ್ಸ ಆಗಾದೆಂಗೆ?"

ಉಷ್ಣಗತಿವಿಜ್ಞಾನದ ಆ ಎರಡನೆಯ ನಿಯಮವನ್ನು ನಾನೂ ಓದಿದ್ದೆ. ಉತ್ತರ ಮಾತ್ರ ಹೊಳೆಯಲಿಲ್ಲ. ಸೋಲಲು ಕಲಿಯದ ನಾಲಗೆ ಗುಡುಗಿತು: "ಆ ನಿಯಮ ಯಂತ್ರಗಳಿಗೆ, ಜೀವಕ್ಕೆ ಅನ್ವಯಿಸದು!" ಸುಳ್ಳೆಂದು ನನಗೇ ಗೊತ್ತಿತ್ತು. ಚಪ್ಪಾಳೆ ಬಿತ್ತು, ಚಾವಡಿ ನನ್ನದಾಯಿತು.

ಮರುದಿನ ನಿಂಗಮ್ಮ ಹಗೇವು ತೆರೆಯುತ್ತಿದ್ದಳು. ಉಸಿರಾಡುವಷ್ಟು ಗಾಳಿ ಇದೆಯೇ ಎಂದು ನೋಡಲು ಒಳಗೆ ಇಳಿಬಿಟ್ಟ ದೀಪ ತಟ್ಟನೆ ಆರಿತು.

"ಮೇಷ್ಟ್ರೇ, ಜೀವಕ್ಕೆ ಆ ಕಟ್ಟಳೆ ಇಲ್ಲ ಅಂದ್ರಲ್ಲ? ಈ ರಾಗೀಲೂ ಜೀವ ಇತ್ತು. ಮುಚ್ಚಿಟ್ವು, ಸತ್ತೋಯ್ತು, ಉಣ್ಣಾಕಾಯ್ತದೆ, ಬಿತ್ತಾಕಾಗಲ್ಲ. ವಲಕ್ಕೆ ಬಿದ್ದಿದ್ರೆ ಬಿಸ್ಲುಂಡು ತೆನೆ ಆಯ್ತಿತ್ತು. ಪದಕ ಬ್ಯಾರೆ ಇಟ್ಕಂಡಿದ್ದೀರಿ!"

ಸಿಡಿಲು ಬಡಿದಂತಾಯಿತು. ಕಟ್ಟಳೆ ಜೀವಕ್ಕೂ ಉಂಟು. ಹೊರಗಿನಿಂದ ಏನೂ ಒಳಬಾರದಂತೆ ಮುಚ್ಚಿಟ್ಟದ್ದೆಲ್ಲ ಕಳಚಿಕೊಳ್ಳುತ್ತದೆ. ಆದರೆ ಭೂಮಿ ಮುಚ್ಚಿದ ಹಗೇವಲ್ಲ. ಸೂರ್ಯ ತನ್ನನ್ನೇ ಸುಟ್ಟುಕೊಂಡು ಅದರ ಮೇಲೆ ಎಡೆಬಿಡದೆ ಸುರಿಯುತ್ತಿದ್ದಾನೆ. ಸೂರ್ಯನಲ್ಲಿ ಆರಿಹೋಗುವುದು ಅಪಾರ. ಅದರೆದುರು ಇಲ್ಲಿ ಜೋಡಣೆಗೊಳ್ಳುವುದು ಅತ್ಯಲ್ಪ. ಶಿವಲಿಂಗಪ್ಪನವರ ನಿಯಮವೂ ನಿಜ, ನನ್ನ ಹುಳವೂ ನಿಜ. ಸುಳ್ಳಿನ ಅಗತ್ಯವೇ ಇರಲಿಲ್ಲ! ಇದನ್ನೆಲ್ಲ ನಿಂಗಮ್ಮನೆದುರು ಒಪ್ಪಿಕೊಂಡೆ.

"ಓಗಿ ಶಿವಲಿಂಗಪ್ಪೋರ್ಗೆ ಏಳ್ಬುಡಿ ಮತ್ತೆ" ಎಂದಳು.

"ಚಾವಡಿ ಕೈತಪ್ಪೀತು, ನಿಂಗಮ್ಮ."

"ಸುಳ್ಳೇಳಿ ತಕಂಡ ಚಾವಡೀಲಿ ಅಕ್ಸರ ಕಲಿಸ್ತೀರಾ?"

ನಾನು ಹೋಗಿ ಹೇಳಲಿಲ್ಲ. ಶಾಲೆ ನಡೆಯಿತು. ನಿಂಗಮ್ಮ ಒಂದು ದಿನವೂ ಅದರ ಹೊಸಿಲು ತುಳಿಯಲಿಲ್ಲ.

ಈ ಬೆಳಿಗ್ಗೆ ಕಾಗದ ತೆಗೆದು, "ಶಿವಲಿಂಗಪ್ಪನವರೇ, ಅಂದು ನಾನು ಗೆಲ್ಲಲಿಲ್ಲ" ಎಂದು ಬರೆದೆ. ನಿಂಗಮ್ಮನಿಗೂ ಬರೆಯಲೆಂದು ಇನ್ನೊಂದು ಹಾಳೆ ತೆಗೆದವನು, ಅವಳ ಹೆಸರು ಬರೆದು ಪೆನ್ನು ಕೆಳಗಿಟ್ಟೆ. ಅದನ್ನು ಅವಳು ಓದುವುದಾದರೂ ಹೇಗೆ?

ಹಾಳೆ ಮಡಿಸಿಟ್ಟೆ. ಅವಳ ಊರಿಗೆ ಹೋಗಲು ಹುಣಸೂರಿನ ಬಸ್ಸು ಎಷ್ಟು ಹೊತ್ತಿಗೆಂದು ಕೇಳಲು ಹೊರಟಿದ್ದೇನೆ.